ಮೊದಲಿಗರೂ ಎರಡನೆಯವರೂ: ಕಾಲ್ಚೆಂಡಾಟದ ಚರಿತ್ರೆಯಲ್ಲೊಂದು ಮೌನ

ಕ್ರೀಡಾಚರಿತ್ರೆಯನ್ನು ಬರೆಯುವವರು ಮೊದಲಿಗರನ್ನು ಎಣಿಸುವುದರಲ್ಲಿಯೇ ತೃಪ್ತರಾಗುತ್ತಾರೆ. ಇಂಗ್ಲೆಂಡಿನ ವೃತ್ತಿಪರ ಕಾಲ್ಚೆಂಡಾಟಗಾರ ಜಸ್ಟಿನ್ ಫಶಾನು ತಾವು ಸಲಿಂಗಪ್ರೇಮಿಯೆಂದು 1990ರಲ್ಲಿ ಬಹಿರಂಗವಾಗಿ ಸಾರಿದರು; ಒಡಹುಟ್ಟಿದವರೇ ಪತ್ರಿಕೆಯ ಮೂಲಕ ಅವರನ್ನು ದೂರವಿರಿಸಿದರು; 1998ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಆ ದೇಶದ ವೃತ್ತಿಪರ ಪುರುಷರ ಆಟದಲ್ಲಿ, ಆಡುತ್ತಿರುವಾಗಲೇ ಹಾಗೆ ಸಾರಿದ ಮತ್ತೊಬ್ಬರು, ಜೇಕ್ ಡೇನಿಯಲ್ಸ್, ಕಾಣಿಸಿಕೊಂಡದ್ದು 2022ರಲ್ಲಿ. ಮೊದಲಿಗರು ಯಾರೆಂಬುದಕ್ಕಿಂತ ಎರಡನೆಯವರು 32 ವರ್ಷ ತಡೆದುದೇಕೆಂಬುದೇ ಚರಿತ್ರಕಾರನ ಪ್ರಶ್ನೆಯಾಗಬೇಕೆಂದು ನಮ್ಮ ಅಭಿಪ್ರಾಯ. 2019ರ ವಿಶ್ವಕಪ್ಪನ್ನು ಗೆದ್ದ ಅಮೆರಿಕದ ಮಹಿಳಾ ತಂಡದ ಮೇಗನ್ ರಪಿನೋ ಏಳು ವರ್ಷ ಮೊದಲೇ ಮುಕ್ತವಾಗಿ ಮಾತನಾಡಿದ್ದರು. ಆದುದರಿಂದ ಅಡ್ಡಿಯಿರುವುದು ಆಟದಲ್ಲಲ್ಲ, ಪೌರುಷದ ಕಲ್ಪನೆಯಲ್ಲಿ.

ಈ ವಿಚಾರ ನಮಗೆ ದೂರದ್ದಲ್ಲ. ಬೀದರ, ಭಾಲ್ಕಿ, ಔರಾದಗಳು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಅದೇ ವರ್ಷ ಹೈದರಾಬಾದಿನ ಎಸ್. ಎ. ರಹೀಮರು ತರಬೇತುಗೊಳಿಸಿದ ಭಾರತ ತಂಡವು ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಆ ಕಾಲದ ದಾಖಲೆಗಳಲ್ಲಿ ಸಲಿಂಗಪ್ರೇಮಿ ಆಟಗಾರರನ್ನು ಅರಸುವವರು ಒಂದನ್ನು ನೆನೆಯಬೇಕು: 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡುವವರೆಗೆ ಈ ಪ್ರೇಮಕ್ಕೆ ಕಾನೂನಿನ ಭಯವಿತ್ತು. ಮರುವರ್ಷವೇ ಓಟಗಾರ್ತಿ ದ್ಯುತಿ ಚಂದ್ ತಮ್ಮ ಪ್ರೇಮವನ್ನು ಪ್ರಕಟಪಡಿಸಿದರು. ತನ್ನನ್ನು ತಾನೇ ಅಪರಾಧಿಯೆಂದು ಯಾರೂ ಬರೆದಿಡರು. ಮೌನವನ್ನು ಅಭಾವವೆಂದು ಓದುವುದು ಚರಿತ್ರೆಯಲ್ಲ. ಇಂದು ನಮ್ಮ ಊರುಗಳ ಮೈದಾನದಲ್ಲಿ ಮೌನವಾಗಿರುವ ಹುಡುಗನಿಗೆ ಅದು ಅನ್ಯಾಯವೂ ಹೌದು.