ಜೀನೋಮ್‌ವಾಚನವೂ ಪಾಠಪರಿಷ್ಕರಣವೂ
ಜೀನೋಮನ್ನು ಗ್ರಂಥವೆಂದು ವರ್ಣಿಸುವುದು ವಿಜ್ಞಾನಲೇಖಕರಲ್ಲಿ ರೂಢಿಯಾಗಿದೆ. ಈ ರೂಪಕವು ಎಷ್ಟುಮಟ್ಟಿಗೆ ಸಲ್ಲುವುದೆಂಬುದು ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ವಿಚಾರಾರ್ಹವಾದ ವಿಷಯ.

ಔಷಧೋದ್ಯಮಕ್ಕೆ ಬಹೂಪಯುಕ್ತವಾದ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಗಳನ್ನೇ ತೆಗೆದುಕೊಳ್ಳೋಣ. ಸೀಲಿಕಲರ್ ಪ್ರಭೇದದ ಸುಮಾರು 87 ಲಕ್ಷ ಅಕ್ಷರಗಳ ಪಾಠವು 2002ರಲ್ಲಿಯೂ, ಅವರ್ಮೆಕ್ಟಿನ್ ಔಷಧವನ್ನೀಯುವ ಅವರ್ಮಿಟಿಲಿಸ್ ಪ್ರಭೇದದ ಸುಮಾರು 90 ಲಕ್ಷ ಅಕ್ಷರಗಳ ಪಾಠವು 2003ರಲ್ಲಿಯೂ ಪ್ರಕಟವಾದುವು. ಇವೆರಡನ್ನೂ ಹೋಲಿಸಲಾಗಿ, ವರ್ಣತಂತುವಿನ ನಡುಭಾಗದಲ್ಲಿ ಜೀನುಗಳ ಆನುಪೂರ್ವಿಯು ಬಹುಮಟ್ಟಿಗೆ ಏಕರೂಪವಾಗಿಯೂ ಎರಡು ತುದಿಗಳಲ್ಲಿ ಭಿನ್ನವಾಗಿಯೂ ಕಂಡುಬಂದಿತು.

ಇಷ್ಟರವರೆಗೆ ಸಾಮ್ಯವುಂಟು. ಆದರೆ ಸಂಪಾದಕನು ಪಾಠಾಂತರಗಳನ್ನು ತೂಗಿನೋಡಿ ಕವಿಯ ಮೂಲಪಾಠವೊಂದನ್ನೇ ಅರಸುತ್ತಾನೆ. ಇಲ್ಲಿಯಾದರೋ ಅನ್ಯಜೀವಿಯಿಂದ ಬಂದು ಸೇರಿದ ಜೀನು ಪ್ರಕ್ಷಿಪ್ತವೆಂದು ತಳ್ಳತಕ್ಕುದಲ್ಲ. ಜೀವಿಯ ಬಾಳಿಗೆ ಒದಗುತ್ತಿರುವವರೆಗೂ ಅದು ಸಾಧುಪಾಠವೇ. ಉದ್ಯಮಕ್ಕೆ ಬೇಕಾದ ವಿಶೇಷಗುಣವೂ ಅನೇಕವೇಳೆ ಈ ಭೇದಗಳಲ್ಲಿಯೇ ಅಡಗಿರುವುದು.

ಮತ್ತೊಂದು ಅಂಶವೂ ಗಮನಾರ್ಹವಾದುದು. ಸೀಲಿಕಲರಿನಲ್ಲಿ ವಿಶೇಷದ್ರವ್ಯಗಳನ್ನು ನಿರ್ಮಿಸತಕ್ಕ ಜೀನುಗುಚ್ಛಗಳು 20ಕ್ಕೂ ಹೆಚ್ಚಾಗಿ ತೋರಿಬಂದುವು; ಅದಕ್ಕೆ ಮುಂಚೆ ಪ್ರಯೋಗಶಾಲೆಯಲ್ಲಿ ಕಂಡಿದ್ದ ದ್ರವ್ಯಗಳು ಕೆಲವೇ. ತಿಳಿದ ಜೀನಿನ ಸಾದೃಶ್ಯದಿಂದ ತಿಳಿಯದುದಕ್ಕೆ ಹೇಳುವ ಅರ್ಥವು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಪದಚ್ಛೇದವಾದ ಮಾತ್ರಕ್ಕೆ ತಾತ್ಪರ್ಯವು ತಿಳಿಯಿತೆನ್ನಲಾಗದು. ಅದಕ್ಕೆ ಪ್ರಯೋಗವೆಂಬ ವ್ಯಾಖ್ಯಾನವು ಅವಶ್ಯಕ.