ಹೂವೋ, ಹೊಳಪೋ?

ಹೂವಿನ ಬೆನ್ನಿಗೆ ಸೂರ್ಯನನ್ನು ನಿಲ್ಲಿಸಿ, ಎದುರಿನಿಂದ ಅತಿ ಸಮೀಪಕ್ಕೆ ಹೋಗಿ ತೆಗೆದ ಛಾಯಾಚಿತ್ರ ನೋಡಿದವರನ್ನು ಒಮ್ಮೆಗೇ ಗೆದ್ದುಬಿಡುತ್ತದೆ. ಗೆದ್ದದ್ದು ಹೂವೋ ಬರಿಯ ಹೊಳಪೋ ಎಂದು ವಿಮರ್ಶಕನಾದವನು ಕೇಳಲೇಬೇಕು.

ಗುಬ್ಬಿ ತಾಲೂಕಿನ ಕಡಬದಲ್ಲಿ, ಶಿಂಷೆಯ ನೀರು ತುಂಬುವ ಕೆರೆಯ ಬಳಿ ಸಂಜೆ ಕ್ಯಾಮೆರಾ ಹಿಡಿದು ಹೊರಟವನಿಗೆ ಬಯಲುಸೀಮೆಯ ಎರಡು ಹೂಗಳೇ ಉತ್ತರ ಹೇಳಿಯಾವು. ತಂಗಡಿಯ ಹಳದಿ ಎಸಳು ತೆಳು. ಬೆಳಕು ಅದನ್ನು ತೂರಿ ಬರುವಾಗ ನರಗಳೆಲ್ಲ ಗೆರೆಗೆರೆಯಾಗಿ ಮೂಡುತ್ತವೆ. ಹಿಂಬೆಳಕಿಲ್ಲದೆ ಈ ರಚನೆ ಕಣ್ಣಿಗೆ ಬೀಳುತ್ತಿರಲಿಲ್ಲ. ಎಕ್ಕದ ಎಸಳಾದರೋ ಮೇಣದಂತೆ ದಪ್ಪ. ಅದೇ ಬೆಳಕಿನಲ್ಲಿ ಅದರ ಅಂಚು ಮಾತ್ರ ಬೆಳಗಿ, ಆ ಹೂವಿಗೆ ಚೆಲುವು ತಂದ ನಡುವಿನ ಕಿರೀಟ ಕತ್ತಲಲ್ಲಿ ಮುಳುಗುತ್ತದೆ.

ಜರ್ಮನಿಯ ಕಾರ್ಲ್ ಬ್ಲೊಸ್‌ಫೆಲ್ಟ್ 1928ರಲ್ಲಿ ಹೊರತಂದ ಸಸ್ಯಚಿತ್ರಗಳ ಸಂಪುಟ ಇಲ್ಲಿ ನೆನಪಾಗುತ್ತದೆ. ಮೃದುವಾದ ಬೆಳಕು, ಬರಿಯ ಹಿನ್ನೆಲೆ. ಆದರೂ ಕುಡಿ ಮೊಗ್ಗುಗಳು ಶಿಲ್ಪದಂತೆ ಎದ್ದು ನಿಲ್ಲುತ್ತವೆ.

ನಮ್ಮಲ್ಲಿ ಅನೇಕರು ಎಸಳಿನ ಹೊಳಪಿಗಷ್ಟೇ ಬೆಳಕನ್ನು ಅಳೆದು, ಹಿನ್ನೆಲೆಯನ್ನು ಕಪ್ಪಾಗಿಸಿ, ಉಳಿದುದನ್ನು ಕೈಬಿಡುತ್ತಾರೆ. ಹೀಗಾಗಿ ದಾಸವಾಳವೂ ಕಮಲವೂ ಒಂದೇ ಅಂಗಡಿಯ ದೀಪಗಳಂತೆ ತೋರುತ್ತವೆ. ಎದುರಿಗೊಂದು ಬಿಳಿಯ ಕಾಗದ ಹಿಡಿದರೂ ನೆರಳಿನ ಪಾಲಿಗೆ ತುಸು ಬೆಳಕು ಮರಳೀತು. ಅದಕ್ಕೂ ಮೊದಲು, ಈ ಹೂವಿಗೆ ಈ ಬೆಳಕು ಸಲ್ಲುವುದೇ ಎಂಬ ವಿವೇಕ ಬೇಕು. ಸಲ್ಲದಿದ್ದಲ್ಲಿ, ಛಾಯಾಗ್ರಾಹಕ ಹೂವನ್ನು ಅರ್ಧ ಸುತ್ತು ಬಳಸಿ ಬಂದು ನಿಂತರೆ ನಷ್ಟವೇನು?