ಮುರಿದ ಕತ್ತಿಯ ಕತೆ

1954ರಲ್ಲಿ ಟೋಲ್ಕಿನ್‌ನ ‘ದಿ ಫೆಲೋಶಿಪ್ ಆಫ್ ದಿ ರಿಂಗ್’ ಪ್ರಕಟವಾಯಿತು. ಪೋಲ್ ಆಂಡರ್ಸನ್‌ನ ‘ದಿ ಬ್ರೋಕನ್ ಸೋರ್ಡ್’ ಬಂದದ್ದೂ ಅದೇ ವರ್ಷ. ಮೊದಲನೆಯದು ಲೋಕವನ್ನೇ ಗೆದ್ದಿತು. ಎರಡನೆಯದನ್ನು ಓದಿದವರು ಕಡಿಮೆ. ಇಬ್ಬರೂ ಸ್ಕ್ಯಾಂಡಿನೇವಿಯಾದ ನಾರ್ಸ್ ಪುರಾಣಗಳಿಗೆ ಋಣಿಗಳು. ಆದರೆ ಆ ಪುರಾಣಗಳ ಎದೆಗುದಿಯನ್ನು ಆರದಂತೆ ಉಳಿಸಿಕೊಂಡವನು ಆಂಡರ್ಸನ್ ಎಂದೇ ನನ್ನ ಎಣಿಕೆ.

ಸ್ಕಾಫ್ಲಾಕ್ ಎಲ್ಫ್ ಕುಲದವರು ತೊಟ್ಟಿಲಿನಿಂದ ಕದ್ದೊಯ್ದು ಸಾಕಿದ ಮನುಷ್ಯಶಿಶು. ಅವನು ಪ್ರೀತಿಸಿದ ಫ್ರೇಡಾ ಅವನ ಒಡಹುಟ್ಟಿದವಳು. ಅದು ಇಬ್ಬರಿಗೂ ತಿಳಿಯದು. ನಿಜ ಬಯಲಾದಾಗ ಅವಳು ಬಿಟ್ಟುಹೋಗುತ್ತಾಳೆ. ಆಮೇಲೆ ಅವನು ದೇವತೆಗಳು ತನಗೆ ಉಡುಗೊರೆಯಾಗಿ ಕೊಟ್ಟಿದ್ದ ಮುರಿದ ಕತ್ತಿಯನ್ನು, ಅದು ಕೇಡಿನದೆಂದು ಬಲ್ಲವನಾಗಿಯೂ, ಬೆಸೆಸುತ್ತಾನೆ. ಯುದ್ಧ ಗೆಲ್ಲುತ್ತಾನೆ, ಅದೇ ಕತ್ತಿಗೆ ಬಲಿಯಾಗುತ್ತಾನೆ.

ಟೋಲ್ಕಿನ್‌ನ ಕತೆಯ ಕೊನೆಯಲ್ಲಿ ಫ್ರೋಡೊ ಸೋತರೂ, ಗೊಲ್ಲಮ್‌ಗೆ ಹಿಂದೆ ತೋರಿದ ಕರುಣೆಯೇ ಲೋಕವನ್ನು ಕಾಯುತ್ತದೆ. ಆಂಡರ್ಸನ್‌ನಲ್ಲಿ ಅಂಥ ಆಸರೆಯಿಲ್ಲ. ರಾಗ್ನರಾಕ್ ಎಂಬ ಕಡೆಯ ಕಾಳಗದಲ್ಲಿ ಅಳಿಯಲಿರುವ ದೇವತೆಗಳಿಗೆ ಮನುಷ್ಯರು ಬರೀ ದಾಳ.

ಹಿಮ, ಕೊಡಲಿ, ಡ್ರ್ಯಾಗನ್ ತಂದಿಟ್ಟ ಮಾತ್ರಕ್ಕೆ ಕತೆ ನಾರ್ಸ್ ಆಗದು. ಸೋಲು ಖಚಿತವೆಂದು ತಿಳಿದೂ ಮುಂದಿಡುವ ಹೆಜ್ಜೆಯಲ್ಲಿದೆ ಅದರ ಜೀವ. ಟೋಲ್ಕಿನ್ ನಮ್ಮನ್ನು ಸಂತೈಸುತ್ತಾನೆ. ಸಂತೈಸಲು ಒಪ್ಪದ ಆಂಡರ್ಸನ್‌ನನ್ನು ಓದಿ ಮುಗಿಸಿದಾಗ, ಗೆದ್ದವರ ಮನೆಯಲ್ಲೂ ಸಂಭ್ರಮವಿರುವುದಿಲ್ಲ.